ಹಿರಿಯರನ್ನು ವೈರಸ್‌ನಿಂದ ದೂರ ಇಡಿ, ಮನುಷ್ಯರಿಂದ ಅಲ್ಲ

[ಪರದೆ ಮೇಲೆ: ಕಲಬುರಗಿ, ಮಾರ್ಚ್ 2020]

ನಮಸ್ಕಾರ.

ಕೋವಿಡ್‌ನಿಂದ ಭಾರತದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ ಹಿರಿಯರೊಬ್ಬರು. ವಯಸ್ಸು 76. ಮಾರ್ಚ್ 10ರಂದು ತೀರಿಕೊಂಡರು, 12ರಂದು ಅದು ಕೋವಿಡ್ ಅಂತ ಖಚಿತವಾಯಿತು. ಮಾರ್ಚ್ 25ರ ಹೊತ್ತಿಗೆ ಇಡೀ ದೇಶಕ್ಕೆ ಬೀಗ ಬಿದ್ದಿತ್ತು.

ಆಗ ಮನೆಮನೆಯಲ್ಲೂ ಒಂದೇ ಮಾತು. "ಅಜ್ಜಿ, ನೀನು ಹೊರಗೆ ಬರಬೇಡ." "ಅಪ್ಪ, ನೀವು ರೂಮಲ್ಲೇ ಇರಿ." ಪ್ರೀತಿಯಿಂದಲೇ ಹೇಳಿದ ಮಾತು ಅದು. ಅದರಿಂದ ಎಷ್ಟೋ ಜೀವ ಉಳಿದಿದೆ ಕೂಡ. ಆದರೆ ಹಾಗೆ ಹೇಳಿ ಬಾಗಿಲು ಹಾಕಿದ ಮೇಲೆ ಆ ರೂಮಿನೊಳಗೆ ಏನಾಯಿತು ಅಂತ ನಾವು ಸರಿಯಾಗಿ ನೋಡಲಿಲ್ಲ. ವೈರಸ್ ಹರಡುವಾಗ ಹಿರಿಯರನ್ನು ಯಾವುದರಿಂದ ದೂರ ಇಡಬೇಕು, ಯಾವುದರಿಂದ ದೂರ ಮಾಡಲೇಬಾರದು, ಇವತ್ತು ಅದನ್ನೇ ನೋಡೋಣ.

[ದೃಶ್ಯ: ಎದೆಯ ರೇಖಾಚಿತ್ರ, ಥೈಮಸ್ ಗ್ರಂಥಿ]

ಮೊದಲು, ವಯಸ್ಸಾದವರಿಗೇ ಯಾಕೆ ಅಪಾಯ ಜಾಸ್ತಿ? ಎದೆಮೂಳೆಯ ಹಿಂದೆ ಥೈಮಸ್ ಅನ್ನೋ ಒಂದು ಗ್ರಂಥಿ ಇದೆ. ಹೊಸ ರೋಗವನ್ನು ಗುರುತಿಸಿ ಹೋರಾಡುವ ಟಿ ಕೋಶಗಳು ಬೆಳೆದು ಸಿದ್ಧವಾಗೋದು ಅಲ್ಲಿ. ವಯಸ್ಸಾದಂತೆ ಇದು ಕುಗ್ಗುತ್ತದೆ. ಹಳೆಯ ರೋಗಗಳ ನೆನಪು ದೇಹಕ್ಕೆ ಇರುತ್ತದೆ, ಆದರೆ ಯಾವತ್ತೂ ನೋಡಿರದ ಹೊಸ ವೈರಸ್ ಬಂದರೆ ತಯಾರಾಗೋದು ನಿಧಾನ. ಜೊತೆಗೆ ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಹಿರಿಯರಿಗೆ ಹೆಚ್ಚಿನ ರಕ್ಷಣೆ ಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ ಇರೋದು ಹೇಗೆ ಅನ್ನೋದರಲ್ಲಿ.

[ಪರದೆ ಮೇಲೆ: ಉಳಿದವರ ಲಾಕ್‌ಡೌನ್ ಮುಗಿಯಿತು, ಇವರದ್ದು?]

ಮೊದಲು ಹೇಳಿದ್ದು 21 ದಿನ. ಆಮೇಲೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ. 2020ರ ಮೇ ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಸಡಿಲವಾಗತೊಡಗಿತು, ಅಂಗಡಿ ತೆರೆದವು, ಬಸ್ಸು ಓಡಿದವು. ಆದರೆ ಕೇಂದ್ರ ಗೃಹ ಇಲಾಖೆಯ ಆದೇಶದಲ್ಲಿ ಒಂದು ಸಾಲು ಹಾಗೇ ಉಳಿಯಿತು. 65 ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು, ತೀರಾ ಅಗತ್ಯ ಇದ್ದರೆ ಮಾತ್ರ ಹೊರಗೆ. 60 ದಾಟಿದ ಸಾಮಾನ್ಯ ಜನರಿಗೆ ಲಸಿಕೆ ಶುರುವಾಗಿದ್ದು 2021ರ ಮಾರ್ಚ್ 1ರಂದು. ಅಂದರೆ ಉಳಿದವರಿಗೆ ಕೆಲವು ತಿಂಗಳಾಗಿದ್ದ ಲಾಕ್‌ಡೌನ್ ಎಷ್ಟೋ ಹಿರಿಯರಿಗೆ ಹತ್ತಿರ ಹತ್ತಿರ ಒಂದು ವರ್ಷ ಆಯಿತು.

ಬೇರೆ ದೇಶಗಳಲ್ಲೂ ಹೀಗೇ. ಬ್ರಿಟನ್ನಿನಲ್ಲಿ ಮಾರ್ಚ್ ಮಧ್ಯದಲ್ಲೇ 70 ದಾಟಿದವರಿಗೆ ಜನರ ಸಂಪರ್ಕ ಆದಷ್ಟು ಬಿಡಿ ಅಂತ ಸಲಹೆ ಕೊಟ್ಟರು. ಟರ್ಕಿಯಲ್ಲಿ ಸಲಹೆ ಅಲ್ಲ, ಕರ್ಫ್ಯೂನೇ ಬಂತು. ಮಾರ್ಚ್ 21ರಿಂದ 65 ದಾಟಿದವರು ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಮೇ 10ರಂದು ಮೊದಲ ಸಲ ಅವರನ್ನು ಹೊರಗೆ ಬಿಟ್ಟಿದ್ದು ನಾಲ್ಕೇ ಗಂಟೆ. ಏಳು ವಾರ ಬಿಸಿಲು ಕಾಣದೆ ಕೂತವರಿಗೆ ನಾಲ್ಕು ಗಂಟೆ.

[ದೃಶ್ಯ: ಖಾಲಿ ಪಾರ್ಕಿನ ಬೆಂಚು, ಮುಚ್ಚಿದ ಅಪಾರ್ಟ್‌ಮೆಂಟ್ ಗೇಟು]

ನಮ್ಮಲ್ಲಿ ಹಿರಿಯರು ಕಳೆದುಕೊಂಡಿದ್ದೆಲ್ಲ ನೋಡೋಕೆ ಸಣ್ಣ ಸಣ್ಣ ವಿಷಯ. ಬೆಳಗ್ಗಿನ ವಾಕಿಂಗ್ ಗುಂಪು. ದೇವಸ್ಥಾನದ ಕಟ್ಟೆ, ಮಸೀದಿಯ ಸಾಲು, ಭಾನುವಾರದ ಚರ್ಚು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪೇಪರ್ ಹಾಕುವ ಹುಡುಗನನ್ನೂ ಮನೆಕೆಲಸದವರನ್ನೂ ಗೇಟಿನಲ್ಲೇ ತಡೆದರು. ಇಬ್ಬರೇ ಇರುವ ವಯಸ್ಸಾದ ದಂಪತಿಗೆ ಆ ಕೆಲಸದಾಕೆ ಬರೀ ಪಾತ್ರೆ ತೊಳೆಯುವವಳಾಗಿರಲಿಲ್ಲ. ದಿನಕ್ಕೊಂದು ಸಲ "ಏನಮ್ಮಾ, ಮಾತ್ರೆ ತಗೊಂಡ್ರಾ?" ಅಂತ ಕೇಳುವ ಒಬ್ಬಳೇ ಒಬ್ಬಳು ಅವಳು. ಗೇಟಿನ ನಿಯಮ ಬರೆದವರಿಗೆ ಇದು ಹೊಳೆಯಲೇ ಇಲ್ಲ. ನನಗೆ ಈಗಲೂ ಬೇಜಾರಾಗೋದು ಇದಕ್ಕೆ.

ಈಗ ದೇಹದ ಲೆಕ್ಕ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ.

[ಪರದೆ ಮೇಲೆ: 10 ದಿನ ಹಾಸಿಗೆ, ಕಾಲಿನಲ್ಲಿ ಸುಮಾರು 1 ಕಿಲೋ ನಷ್ಟ]

2007ರಲ್ಲಿ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಸಣ್ಣ ಅಧ್ಯಯನ, 12 ಜನ ಅಷ್ಟೇ. ಹತ್ತೇ ದಿನದಲ್ಲಿ ಅವರ ಕಾಲುಗಳಲ್ಲಿ ಕೊಬ್ಬು ಬಿಟ್ಟು ಉಳಿದ ಅಂಗಾಂಶ, ಅಂದರೆ ಮುಖ್ಯವಾಗಿ ಸ್ನಾಯು, ಸುಮಾರು ಒಂದು ಕಿಲೋ ಕರಗಿತ್ತು. ರೂಮಲ್ಲಿ ಇರೋದು ಅಂದರೆ ಪೂರ್ತಿ ಮಲಗಿರೋದಲ್ಲ, ಒಪ್ಪುತ್ತೇನೆ. ಆದರೆ ದಿನಾ ಅರ್ಧ ಗಂಟೆ ನಡೆಯುತ್ತಿದ್ದವರು ತಿಂಗಳುಗಟ್ಟಲೆ ಮಂಚ, ಕುರ್ಚಿ, ಬಚ್ಚಲು ಇಷ್ಟರಲ್ಲೇ ಓಡಾಡಿದರೆ ಕಾಲು ಸೋಲುತ್ತದೆ. ಕಾಲು ಸೋತರೆ ಬೀಳುತ್ತಾರೆ, ಬಿದ್ದರೆ ಸೊಂಟದ ಮೂಳೆ. ಅಲ್ಲಿಂದ ಮುಂದಿನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ.

ಇನ್ನೊಂದು, ಕಿವಿ. ಕಿವಿ ಮಂದವಾದ ಹಿರಿಯರು ತಮಗೇ ಗೊತ್ತಿಲ್ಲದೆ ಎದುರಿನವರ ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಮಾಸ್ಕ್ ಬಂತು, ತುಟಿ ಮುಚ್ಚಿತು. ಬಾಗಿಲಾಚೆಯಿಂದ ಸೊಸೆ ಏನೋ ಹೇಳುತ್ತಾಳೆ, ಅತ್ತೆಗೆ ಕೇಳಿಸೋದಿಲ್ಲ. ಎರಡು ಸಲ "ಏನು?" ಅನ್ನುತ್ತಾರೆ, ಮೂರನೇ ಸಲ ಸುಮ್ನೆ ತಲೆ ಆಡಿಸುತ್ತಾರೆ. ಹಾಗೆ ಶುರುವಾಗುವ ಮೌನ ಒಳ್ಳೆಯದಲ್ಲ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2020ರ ವರದಿ, ನಾವು ಬದಲಾಯಿಸಬಹುದಾದ ಮರೆವಿನ ಕಾಯಿಲೆಯ ಅಪಾಯಗಳು 12 ಅಂತ ಪಟ್ಟಿ ಮಾಡಿತು. ಕಿವುಡುತನವೂ ಜನಸಂಪರ್ಕ ಇಲ್ಲದಿರೋದೂ ಎರಡೂ ಆ ಪಟ್ಟಿಯಲ್ಲಿವೆ.

[ದೃಶ್ಯ: ಮುಚ್ಚಿದ ಕೋಣೆಯಲ್ಲಿ ಉರಿಯುತ್ತಿರುವ ಊದುಬತ್ತಿ, ನಂತರ ಅದೇ ಊದುಬತ್ತಿ ಜಗಲಿಯ ಮೇಲೆ]

ಹಾಗಾದರೆ ದೂರ ಇಡಬೇಕಾಗಿದ್ದು ಯಾವುದನ್ನು?

2020ರಲ್ಲಿ ನಾವೆಲ್ಲ ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ ಒರೆಸಿದೆವು, ನೋಟಿಗೆ ಇಸ್ತ್ರಿ ಹಾಕಿದವರೂ ಇದ್ದರು. ಆ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಹೇಳಿತ್ತು. ಮುಂದೆ ವಿಜ್ಞಾನಿಗಳು ಪಟ್ಟು ಹಿಡಿದು ತೋರಿಸಿಕೊಟ್ಟ ಮೇಲೆ 2021ರಲ್ಲಿ ಸಂಸ್ಥೆ ತನ್ನ ಮಾತನ್ನು ಬದಲಿಸಿತು. ಸೋಂಕು ಇರುವವರು ಉಸಿರಾಡಿದಾಗ, ಮಾತಾಡಿದಾಗ, ಹಾಡಿದಾಗ ತೀರಾ ಸಣ್ಣ ಹನಿಗಳು ಹೊರಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಊದುಬತ್ತಿ ಹೊಗೆಯ ಹಾಗೆ ತುಂಬಿಕೊಂಡು ತುಂಬಾ ಹೊತ್ತು ನಿಲ್ಲುತ್ತವೆ. ಬಯಲಿನಲ್ಲಿ ಚದುರಿ ಹೋಗುತ್ತವೆ.

ಇದು ತಿಳಿದ ಮೇಲೆ ಇಡೀ ಲೆಕ್ಕ ಬದಲಾಗುತ್ತದೆ, ಅಲ್ವಾ? ಜಗಲಿಯ ಮೇಲೆ ಗಾಳಿಗೆ ಕೂತು, ಎರಡು ಮೀಟರ್ ಆಚೆ ಇರುವ ಪಕ್ಕದ ಮನೆಯವರ ಜೊತೆ ಮಾತಾಡುವ ಅಜ್ಜನಿಗೆ ಅಪಾಯ ಕಡಿಮೆ. ಕಿಟಕಿ ಮುಚ್ಚಿ, ಎಸಿ ಹಾಕಿ, ಆಫೀಸಿಂದ ಬಂದ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಹಾಲ್‌ನಲ್ಲಿ ಟಿವಿ ನೋಡುವ ಅಜ್ಜನಿಗೆ ಅಪಾಯ ಜಾಸ್ತಿ. ನಾವು ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಬಿಟ್ಟುಬಿಟ್ಟೆವು.

ಹಿರಿಯರನ್ನು ತಪ್ಪಿಸಬೇಕಾಗಿದ್ದು ಮುಚ್ಚಿದ ಕೋಣೆಯ ಹಂಚಿಕೊಂಡ ಗಾಳಿಯಿಂದ. ಬಿಸಿಲಿನಿಂದ ಅಲ್ಲ, ನಡಿಗೆಯಿಂದ ಅಲ್ಲ, ಮಾತಿನಿಂದ ಅಲ್ಲ. ಟೆರೇಸ್ ಇದ್ದರೆ ಟೆರೇಸ್, ಹಿತ್ತಲಿದ್ದರೆ ಹಿತ್ತಲು. ಜನ ಇಲ್ಲದ ಹೊತ್ತು ನೋಡಿ ದಿನಕ್ಕೆರಡು ಸಲ ನಡೆಯಲಿ. ಅದೂ ಇಲ್ಲದ ಮನೆಯಲ್ಲಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ತೊಡೆಗೆ ಒಳ್ಳೆಯ ವ್ಯಾಯಾಮ. ಮೊದಮೊದಲು ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲಿ.

[ಪರದೆ ಮೇಲೆ: ಮನೆಯಲ್ಲೇ ಯಾರಿಗಾದರೂ ಸೋಂಕು ಬಂದರೆ]

ಎರಡು ರೂಮು, ಒಂದು ಬಚ್ಚಲು. ನಮ್ಮಲ್ಲಿ ಬಹಳ ಮನೆಗಳು ಹೀಗೇ ಇರೋದು. "ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ" ಅಂತ ಪೋಸ್ಟರ್ ಹಾಕಿದರೆ ಇವರು ಏನು ಮಾಡಬೇಕು?

ಇಂಥ ಕಡೆ ಕೈಲಾಗುವ ಕೆಲಸಗಳಿವೆ. ಸೋಂಕು ಬಂದವರು ಬಚ್ಚಲನ್ನು ಎಲ್ಲರ ಕೊನೆಗೆ ಬಳಸಲಿ, ಆಮೇಲೆ ಅದರ ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಇದ್ದರೆ ಓಡುತ್ತಿರಲಿ. ಅವರಿರುವ ಕೋಣೆಯ ಗಾಳಿ ಮನೆಯೊಳಕ್ಕೆ ಬಾರದೆ ಹೊರಗೆ ಹೋಗಬೇಕು. ಹೊರಗಡೆಯ ಕಿಟಕಿ ತೆರೆದು ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ, ಒಳಬಾಗಿಲು ಮುಚ್ಚಿ. ಒಳಗೆ ಹೋಗುವಾಗ ಇಬ್ಬರಿಗೂ ಮಾಸ್ಕ್ ಇರಲಿ. ಬಟ್ಟೆಯದ್ದಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95. ನೋಡಿಕೊಳ್ಳುವ ಕೆಲಸ ಒಬ್ಬರೇ ಮಾಡಲಿ, ವಯಸ್ಸಿನಲ್ಲಿ ಚಿಕ್ಕವರು, ಲಸಿಕೆ ಬಂದಿದ್ದರೆ ಹಾಕಿಸಿಕೊಂಡವರು.

ಸೋಂಕು ಬಂದಿರೋದು ಹಿರಿಯರಿಗೇ ಆದರೆ ಇನ್ನೊಂದು ಎಚ್ಚರ ಬೇಕು. ವಯಸ್ಸಾದವರಿಗೆ ಜ್ವರ ಬಾರದೇ ಇರಬಹುದು. ಕೆಮ್ಮೂ ಇಲ್ಲದಿರಬಹುದು. ನಿನ್ನೆವರೆಗೂ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಏನೇನೋ ಬಡಬಡಿಸುತ್ತಾರೆ, ಹೊತ್ತು ಗೊತ್ತಾಗೋದಿಲ್ಲ, ಊಟ ಬಿಡುತ್ತಾರೆ, ಕಾರಣ ಇಲ್ಲದೆ ಬೀಳುತ್ತಾರೆ. ಅದನ್ನು "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕಬೇಡಿ. ದಿಢೀರನೆ ಬಂದ ಗೊಂದಲ ಅನೇಕ ಸಲ ಸೋಂಕಿನ ಮೊದಲ ಗುರುತು.

ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಿ. ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ ಇರಬಾರದು. ಅಂಕಿ 94ಕ್ಕಿಂತ ಕೆಳಗೆ ಇಳಿದರೆ ನಾಳೆ ನೋಡೋಣ ಅನ್ನಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಕೋವಿಡ್‌ನಲ್ಲಿ ಎಷ್ಟೋ ಜನರಿಗೆ ಉಸಿರು ಕಟ್ಟಿದಂತೆ ಅನ್ನಿಸದೇ ಆಕ್ಸಿಜನ್ ಕುಸಿದಿತ್ತು. ಬಿಪಿ, ಶುಗರ್ ಮಾತ್ರೆಗಳನ್ನು ಮಾತ್ರ ಯಾರ ವಾಟ್ಸಾಪ್ ಮೆಸೇಜ್ ನಂಬಿಯೂ ನಿಲ್ಲಿಸಬೇಡಿ.

[ದೃಶ್ಯ: ವಿಡಿಯೋ ಕಾಲ್ ಪರದೆ, ಆ ಕಡೆ ಅಮೆರಿಕದ ಬೆಳಗು, ಈ ಕಡೆ ಮೈಸೂರಿನ ರಾತ್ರಿ]

ಮಕ್ಕಳು ಹೊರದೇಶದಲ್ಲಿರುವ ಮನೆಗಳ ಪಾಡು ಬೇರೆಯೇ ಇತ್ತು. 2020ರ ಮಾರ್ಚ್ ಕೊನೆಯ ವಾರದಲ್ಲಿ ನಿಂತ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಪೂರ್ತಿಯಾಗಿ ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ನಡುವೆ ವಿಶೇಷ ವಿಮಾನಗಳಿದ್ದವು, ಆದರೆ ಅಪ್ಪನಿಗೆ ಹುಷಾರಿಲ್ಲ ಅಂದ ತಕ್ಷಣ ಹೊರಟು ಬರುವ ಮಾತಿರಲಿಲ್ಲ. ಫೋನೇ ಎಲ್ಲ ಆಗಿತ್ತು.

ಫೋನಿನಲ್ಲಿ ಏನು ಕೇಳುತ್ತಿದ್ದೆವು? "ಊಟ ಆಯ್ತಾ? ಮಾತ್ರೆ ಆಯ್ತಾ? ಹೊರಗೆ ಹೋಗಿಲ್ಲ ತಾನೇ?" ಇದು ವಿಚಾರಣೆ ಆಗುತ್ತದೆ, ಮಾತುಕತೆ ಆಗೋದಿಲ್ಲ. ಇಡೀ ದಿನ ಒಬ್ಬರೇ ಇದ್ದವರಿಗೆ ಬೇಕಾಗಿರೋದು ತಾವು ಇನ್ನೂ ಯಾರಿಗಾದರೂ ಬೇಕು ಅನ್ನೋ ಭಾವನೆ. ಅಮ್ಮನ ಹತ್ತಿರ ಉಪ್ಪಿನಕಾಯಿ ಹದ ಕೇಳಿ, ಅವರು ಹೇಳುತ್ತಾ ಹೋಗಲಿ, ನೀವು ಅಲ್ಲೇ ಮಾಡಿ ತೋರಿಸಿ. ಅಪ್ಪನ ಹತ್ತಿರ ಊರಿನ ಹಳೆಯ ಜಮೀನಿನ ವಿಷಯ ಕೇಳಿ. ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುವ ಕೆಲಸ ತಾತನಿಗೆ ಕೊಡಿ, ದಿನಾ ಸಂಜೆ ಅದೇ ಹೊತ್ತಿಗೆ. ಕೆಲಸ ನಿಜವಾದದ್ದಾಗಿರಬೇಕು. ಸುಮ್ಮನೆ ಸಮಾಧಾನಕ್ಕೆ ಕೇಳಿದರೆ ಅವರಿಗೆ ಗೊತ್ತಾಗುತ್ತದೆ.

ಟಿವಿಯ ವಿಷಯಕ್ಕೂ ಒಂದು ಮಾತು. ಆ ದಿನಗಳಲ್ಲಿ ನ್ಯೂಸ್ ಚಾನೆಲ್‌ಗಳು ಇಪ್ಪತ್ನಾಲ್ಕು ಗಂಟೆ ಸಾವಿನ ಅಂಕಿ ಓಡಿಸುತ್ತಿದ್ದವು. ಮಾರ್ಚ್ 28ರಿಂದ ದೂರದರ್ಶನ ಹಳೆಯ ರಾಮಾಯಣ ಧಾರಾವಾಹಿಯನ್ನು ಮತ್ತೆ ಹಾಕಿದಾಗ ಎಷ್ಟೋ ಮನೆಗಳ ಹಿರಿಯರಿಗೆ ದಿನಕ್ಕೊಂದು ಸಮಯಪಟ್ಟಿ ಸಿಕ್ಕಿತು. ಸ್ನಾನ ಮುಗಿಸಿ ಆ ಹೊತ್ತಿಗೆ ಬಂದು ಕೂರೋದು. ಮರೆವಿನ ಕಾಯಿಲೆ ಇರುವವರಿಗಂತೂ ಇಂಥ ದಿನಚರಿ ತುಂಬಾ ಮುಖ್ಯ. ಸುದ್ದಿ ದಿನಕ್ಕೆ ಒಂದು ಸಲ ಸಾಕು.

[ಪರದೆ ಮೇಲೆ: ಕೇಳಲು ಕಷ್ಟವಾದ ಪ್ರಶ್ನೆ]

ಕೋವಿಡ್ ಕಾಲದಲ್ಲಿ ಹಿರಿಯರನ್ನು ಹೆಚ್ಚು ಕಾಡಿದ್ದು ಬರೀ ಸಾವಿನ ಭಯ ಅಲ್ಲ. ಆಸ್ಪತ್ರೆಗೆ ಹೋದರೆ ಮನೆಯವರ ಮುಖ ನೋಡದೆ ಹೋಗಬೇಕಾಗುತ್ತದೆ, ಹೆಗಲು ಕೊಡುವವರೂ ಇರುವುದಿಲ್ಲ ಅನ್ನೋ ಭಯ. ಅದಕ್ಕೇ ಕೆಲವರು ಲಕ್ಷಣ ಇದ್ದರೂ ಬಾಯಿ ಬಿಡಲಿಲ್ಲ. "ಏನೂ ಆಗಲ್ಲ ಬಿಡಿ, ನೀವು ಸುಮ್ನಿರಿ" ಅಂದರೆ ಆ ಭಯ ಹೋಗೋದಿಲ್ಲ. ಕೂತು ಕೇಳಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಲ್ಲಿಗೆ ಹೋಗಲು ಇಷ್ಟ, ಜೊತೆಗೆ ಯಾರು ಬರಬೇಕು, ಫೋನ್ ಹಿಡಿದು ಮಾತಾಡಿಸುವ ಏರ್ಪಾಡು ಹೇಗೆ. ಎಷ್ಟರ ಮಟ್ಟಿಗೆ ಮನೆಯಲ್ಲಿರಬೇಕು, ಯಾರನ್ನು ನೋಡಲೇಬೇಕು ಅನ್ನೋದನ್ನೂ ಅವರೇ ಹೇಳಲಿ. ಎಂಬತ್ತು ವರ್ಷ ಬಾಳಿದವರ ಬಗ್ಗೆ ಅವರನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನ ಮಾಡೋದು ಸರಿಯಲ್ಲ.

[ದೃಶ್ಯ: ಫ್ರಿಜ್ ಬಾಗಿಲಿಗೆ ಅಂಟಿಸಿದ ಕಾಗದ, ದಪ್ಪ ಕನ್ನಡ ಅಕ್ಷರ]

ಹೊಸ ವೈರಸ್ ಬರುವ ತನಕ ಕಾಯಬೇಡಿ. ಈ ವಾರವೇ ಅವರ ಜೊತೆ ಕೂತು ಒಂದು ಕಾಗದ ಬರೆಯಿರಿ. ತಗೊಳ್ಳುವ ಮಾತ್ರೆಗಳ ಹೆಸರು, ಹೊತ್ತು. ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ. ಡಾಕ್ಟರ ನಂಬರು, ಹತ್ತು ನಿಮಿಷದಲ್ಲಿ ಬಂದು ಬಾಗಿಲು ತಟ್ಟಬಲ್ಲ ಅಕ್ಕಪಕ್ಕದ ಇಬ್ಬರ ನಂಬರು. ಕೀಲಿಕೈ ಇನ್ನೊಂದು ಯಾರ ಹತ್ತಿರ ಇದೆ ಅಂತ. ಪಿಂಚಣಿ ತರಲು ಬ್ಯಾಂಕಿಗೆ ಹೋಗಲಾಗದಿದ್ದರೆ, ಆಧಾರ್ ಜೋಡಿಸಿದ ಖಾತೆಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು ಹಣ ಕೊಡುವ ಸೌಲಭ್ಯ ಇದೆ. ಲಾಕ್‌ಡೌನ್‌ನಲ್ಲಿ ತುಂಬಾ ಜನರಿಗೆ ಇದು ಕೈಹಿಡಿಯಿತು, ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿ. ಒಟಿಪಿ ಮಾತ್ರ ಫೋನಿನಲ್ಲಿ ಯಾರಿಗೂ ಹೇಳಬಾರದು ಅಂತ ಅದೇ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಕೊನೆಗೆ ಎರಡು ನಂಬರು. ಹಿರಿಯ ನಾಗರಿಕರ ಸಹಾಯವಾಣಿ 14567. ಮನಸ್ಸು ಭಾರವಾದಾಗ, ನಿದ್ದೆ ಬಾರದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಬರೆದಾದ ಮೇಲೆ ಅವರ ಫೋನಿನಿಂದಲೇ, ಅವರ ಕೈಯಲ್ಲೇ ಒಂದು ಸಲ ನಿಮ್ಮ ನಂಬರಿಗೂ ಪಕ್ಕದ ಮನೆಯವರ ನಂಬರಿಗೂ ಫೋನ್ ಮಾಡಿಸಿ ನೋಡಿ. ಅಕ್ಷರ ಸಣ್ಣದಾಗಿ ಕಂಡರೆ ಅಲ್ಲೇ ದೊಡ್ಡದು ಮಾಡಿಕೊಡಿ.