ಮಾವನ ಬೆರಳು ನಿಂತಲ್ಲಿ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಮಳೆ ಲೆಕ್ಕ ಅಂದರೆ ಇಂಚು, ಸೆಂಟು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೇ ದಿನ ಯಾರಿಗೆ ಫೋನ್ ಮಾಡಿದರೂ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಸೆಂಟು?" ಅಲ್ವಾ? ಹೀಗಿರುವಾಗ ತೋಟದವರಿಗೆ ಮಳೆ ಬರೆದಿಡುವ ಆ್ಯಪ್ ಮಾಡಲು ಹೊರಟ ನಾವು ಅದರಲ್ಲಿ ಮಿಲಿಮೀಟರ್ ಹಾಕಿದ್ದೆವು! ನಾನೂ ಈ ಊರಿನವನೇ. ಆದರೂ ಕಣ್ಣಿಗೆ ಬೀಳಲಿಲ್ಲ.

ಪುಣ್ಯಕ್ಕೆ ಆಗಿನ್ನೂ ಒಂದು ಸಾಲು ಕೋಡ್ ಬರೆದಿರಲಿಲ್ಲ. ಫೋನಿನ ಅಳತೆಗೆ ಹಾಳೆ ಕತ್ತರಿಸಿ, ಒಂದೊಂದು ಪರದೆಯನ್ನೂ ಪೆನ್ಸಿಲ್‌ನಲ್ಲಿ ಬರೆದು, ಬಳಸುವವರು ಎಲ್ಲಿ ಎಡವುತ್ತಾರೆ ಅಂತ ಪರೀಕ್ಷಿಸಲು ನಾಪೋಕ್ಲಿನ ಮಾವನ ಮನೆಗೆ ಹೋದೆ. ಅವರು ಬೆರಳಿಟ್ಟ ಹಾಗೆ ನಾನು ಹಾಳೆ ಬದಲಿಸಬೇಕು. ಅಂದರೆ ನಾನೇ ಕಂಪ್ಯೂಟರ್. "ನಿನ್ನೆ ಬಿದ್ದ ಮಳೆ ಬರೆಯಿರಿ, ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಇರಿ" ಅಂದೆ, ಅಷ್ಟೇ.

ಮಾವ ಮೊದಲು ನೋಡಿದ್ದು, ಎಲ್ಲ ಲೆಕ್ಕ ಒಂದೇ ಕಡೆ ತೋರಿಸುವ ಪರದೆಗೆ ನಾವಿಟ್ಟ 'ಡ್ಯಾಶ್‌ಬೋರ್ಡ್' ಅನ್ನುವ ಪದವನ್ನು. "ಇದು ಜೀಪಿನದ್ದಲ್ವಾ?" ಅಂದರು. ಆಮೇಲೆ ಮಿಲಿಮೀಟರ್ ಖಾನೆಯ ಮೇಲೆ ಅವರ ಬೆರಳು ನಿಂತೇ ಬಿಟ್ಟಿತು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಅದನ್ನು ಬೆಳಿಗ್ಗೆ ಜಗಲಿಯಲ್ಲಿ ನಿಂತು ಯಾರು ಗುಣಿಸುತ್ತಾರೆ? ಹೇಗೋ ಏನೋ ಬರೆದು 'ಉಳಿಸಿ' ಗುಂಡಿ ಒತ್ತಿದರು. ನಾನು ಹಾಳೆ ಬದಲಿಸಲಿಲ್ಲ. ಮುಂದೇನು ಕಾಣಬೇಕು ಅಂತ ನಾವು ಯೋಚಿಸಿಯೇ ಇರಲಿಲ್ಲ. ಮತ್ತೆ ಒತ್ತಿದರು. ಮೂರನೇ ಸಲ ಜೋರಾಗಿ ಕುಟ್ಟಿದರು. ನಿಜವಾದ ಆ್ಯಪ್ ಆಗಿದ್ದರೆ ಒಂದೇ ಮಳೆ ಮೂರು ಸಲ ಬಿದ್ದಿರುತ್ತಿತ್ತು.

ಬಾಯಿ ಮುಚ್ಚಿಕೊಂಡು ಕೂರುವುದಿದೆಯಲ್ಲ, ಅದು ಬಹಳ ಕಷ್ಟ. "ಅಲ್ಲಿ ಒತ್ತಿ ಮಾವ" ಅಂತ ನಾಲಿಗೆ ತುದಿಗೆ ಬಂದಿತ್ತು. ಅಂದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. "ಇಷ್ಟ ಆಯ್ತಾ?" ಅಂತ ಕೇಳಿಯೂ ಪ್ರಯೋಜನವಿಲ್ಲ. ಕಾಫಿ ಕೊಟ್ಟು ಕೂರಿಸಿದ ಮನೆಯವರು ಚೆನ್ನಾಗಿಲ್ಲ ಅಂತ ಹೇಳುತ್ತಾರೆಯೇ?

ಮನೆಗೆ ಬಂದು, ಆ್ಯಪ್, ವೆಬ್‌ಸೈಟ್‌ಗಳು ಬಳಸಲು ಸುಲಭವೇ ಅಂತ ಅಧ್ಯಯನ ಮಾಡುವ ಪರಿಣತ ಯಾಕೋಬ್ ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳನ್ನು ತೆಗೆದು ನೋಡಿದೆ. ಯಂತ್ರ ಈಗ ಏನು ಮಾಡುತ್ತಿದೆ ಅಂತ ಬಳಸುವವರಿಗೆ ಗೊತ್ತಾಗಬೇಕು, ಇದು ಮೊದಲನೆಯದು. ಅವರ ಮಾತಿನಲ್ಲೇ ಮಾತಾಡಬೇಕು, ಇದು ಎರಡನೆಯದು. ಎರಡರಲ್ಲೂ ನಾವು ಫೇಲು. ಈ ಪಟ್ಟಿ ಹಿಡಿದು ನಾವೇ ಮೊದಲು ತಪ್ಪು ಹುಡುಕಿದ್ದರೆ ಮಾವನ ಅರ್ಧ ಗಂಟೆ ಉಳಿಯುತ್ತಿತ್ತು. ಆದರೆ ಜೀಪಿನ ವಿಷಯ ಯಾವ ಪಟ್ಟಿಯಲ್ಲೂ ಸಿಗುತ್ತಿರಲಿಲ್ಲ.

ಇಂಥ ಪರೀಕ್ಷೆಗೆ ಎಷ್ಟು ಜನರನ್ನು ಕೂರಿಸಬೇಕು? ಐದು ಜನ ಸಾಕು, ನೂರರಲ್ಲಿ ಸುಮಾರು 85 ತೊಡಕುಗಳು ಸಿಗುತ್ತವೆ ಅಂತ ನೀಲ್ಸನ್ 2000ದಲ್ಲಿ ಬರೆದರು. ಅದು ಸರಾಸರಿ ಲೆಕ್ಕ, ಅದೂ ಒಂದೇ ಬಗೆಯ ಬಳಕೆದಾರರಿಗೆ. ತೋಟದ ಧಣಿಯೇ ಬೇರೆ, ಲೆಕ್ಕ ಬರೆಯುವ ರೈಟರ್ ಬೇರೆ. ನಮ್ಮಲ್ಲಿ ದಿನಾ ಮಳೆ ಬರೆಯುವವರು ಎಷ್ಟೋ ಕಡೆ ರೈಟರೇ. ಅವರನ್ನು ನಾವು ಕೇಳಿಯೇ ಇರಲಿಲ್ಲ.

ಈಗ ಖಾನೆಯಲ್ಲಿ ಇಂಚು, ಸೆಂಟು ಇದೆ. ಗುಂಡಿ ಒತ್ತಿದರೆ 'ಬರೆದುಕೊಂಡೆ, ನೆಟ್‌ವರ್ಕ್ ಬಂದಾಗ ಕಳಿಸುತ್ತೇನೆ' ಅಂತ ಕಾಣುತ್ತದೆ. ಮುಂದಿನ ವಾರ ಹೊಸ ಹಾಳೆಗಳ ಜೊತೆ ಸೋಮವಾರಪೇಟೆ ಕಡೆಯ ಒಬ್ಬ ರೈಟರ್ ಹತ್ತಿರ ಹೋಗುತ್ತಿದ್ದೇನೆ. ಜೋಳಿಗೆಯಲ್ಲಿ ರಬ್ಬರ್ ಜಾಸ್ತಿ ಇಟ್ಟುಕೊಂಡಿದ್ದೇನೆ. ನಮಸ್ಕಾರ.