ನೊರೆಯ ಲೆಕ್ಕದಲ್ಲಿ ಎದ್ದ ಈಜುಕೊಳ
(ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೀಜಿಂಗಿನ ‘ವಾಟರ್ ಕ್ಯೂಬ್’ ಈಜುಕೊಳದ ಫೋಟೊ ನೀವೆಲ್ಲ ನೋಡಿರ್ತೀರಿ. 2008ರ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಎಂಟು ಚಿನ್ನ ಗೆದ್ದದ್ದು ಅಲ್ಲೇ. ಹೆಸರಿಗೆ ಕ್ಯೂಬ್, ಆದರೆ ಉದ್ದ ಅಗಲ 177 ಮೀಟರ್, ಎತ್ತರ ಸುಮಾರು 31 ಮೀಟರ್ ಅಷ್ಟೇ! ಇರಲಿ, ಹೆಸರಿಟ್ಟವರ ಜೊತೆ ಜಗಳ ಬೇಡ. ನಾನು ಮಾತಾಡೋಕೆ ಬಂದಿರೋದು ಅದರ ಗೋಡೆ ಬಗ್ಗೆ.

ಗೋಡೆ ತುಂಬ ನೊರೆಯ ಹಾಗೆ ಕಾಣೋ ಆ ಗುಳ್ಳೆಗಳು ಅಂದಕ್ಕೆ ಅಂಟಿಸಿದವಲ್ಲ, ಕಟ್ಟಡ ನಿಂತಿರೋದೇ ಅವುಗಳ ಮೇಲೆ. ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕುವಾಗ ನೊರೆಯನ್ನ ಗಮನಿಸಿ ನೋಡಿ, ಮುಖ ಮಾತ್ರ ದೂರ ಇರಲಿ. ಒಂಟಿ ಗುಳ್ಳೆ ದುಂಡಗಿರುತ್ತೆ. ಪಕ್ಕದಲ್ಲಿ ಇನ್ನೊಂದು ಬಂದು ಒತ್ತಿದರೆ ನಡುವಿನ ಪೊರೆ ಚಪ್ಪಟೆಯಾಗುತ್ತೆ. ಮೂರು ಪೊರೆ ಸೇರಿದ ಕಡೆ ಒಂದು ಅಂಚು, ನಾಲ್ಕು ಅಂಚು ಸೇರಿದ ಕಡೆ ಒಂದು ಸಂದು. ಈಗ ಪೊರೆ ಬಿಟ್ಟುಬಿಡಿ, ಅಂಚು ಇದ್ದಲ್ಲೆಲ್ಲ ಉಕ್ಕಿನ ತೊಲೆ ಇಡಿ. ವಾಟರ್ ಕ್ಯೂಬ್‌ನ ಅಸ್ಥಿಪಂಜರ ಸಿಕ್ಕಿತು. ಅಂಥ ತೊಲೆಗಳು ಅಲ್ಲಿ ಸುಮಾರು 22,000 ಇವೆ.

ಇದರ ಹಿಂದೆ ಹಳೆಯ ಪ್ರಶ್ನೆಯೊಂದಿದೆ. ಜಾಗವನ್ನ ಸಮಗಾತ್ರದ ಕೋಶಗಳಾಗಿ ಹಂಚಬೇಕು, ನಡುವಿನ ಗೋಡೆ ಆದಷ್ಟು ಕಡಿಮೆ ಇರಬೇಕು, ಆಕಾರ ಯಾವುದು? 1887ರಲ್ಲಿ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 14 ಮುಖಗಳ ಆಕಾರ ಸೂಚಿಸಿದ. 1993ರಲ್ಲಿ ಡಬ್ಲಿನ್ನಿನ ಭೌತವಿಜ್ಞಾನಿಗಳಾದ ವೇರ್ ಮತ್ತು ಫೆಲಾನ್ 12 ಮುಖದ್ದೂ 14 ಮುಖದ್ದೂ ಬೆರೆಸಿ, ಕೆಲ್ವಿನ್‌ನದಕ್ಕಿಂತ ಶೇ. 0.3ರಷ್ಟು ಕಡಿಮೆ ಗೋಡೆ ಸಾಕು ಅಂತ ತೋರಿಸಿದರು. ವಾಸ್ತುಶಿಲ್ಪಿಗಳಾದ ಪಿಟಿಡಬ್ಲ್ಯು, ಎಂಜಿನಿಯರ್‌ಗಳಾದ ಅರುಪ್, ಚೀನಾದ ಸರ್ಕಾರಿ ನಿರ್ಮಾಣ ಸಂಸ್ಥೆ ಸೇರಿ ಎತ್ತಿಕೊಂಡದ್ದು ಇದನ್ನೇ. ಜಾಣತನ ಇರೋದು ಇಲ್ಲಿ: ಆ ಜೋಡಣೆ ಪೂರ್ತಿ ಕ್ರಮಬದ್ಧ, ಅದದೇ ಮರುಕಳಿಸುತ್ತೆ. ಅದನ್ನ ಓರೆಯಾಗಿ ತಿರುಗಿಸಿ ಕತ್ತರಿಸಿದ್ದರಿಂದ ಕಣ್ಣಿಗೆ ಮಾತ್ರ ಅಡ್ಡಾದಿಡ್ಡಿ ನೊರೆ ಕಾಣುತ್ತೆ. ಆಧುನಿಕ ಕಟ್ಟಡಗಳಲ್ಲಿ ಇಷ್ಟು ಚೊಕ್ಕವಾದ ಮೋಸ ನಾನಂತೂ ಬೇರೆ ನೋಡಿಲ್ಲ.

ಹೊದಿಕೆ ಗಾಜಲ್ಲ. ಇಟಿಎಫ್‌ಇ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ನಡುವೆ ಗಾಳಿ ತುಂಬಿದ ದಿಂಬುಗಳು. ಹರಿದರೆ ತೇಪೆ ಹಾಕಬಹುದು. ಗಾಳಿ ಇಳಿಯದಂತೆ ಪಂಪು ಮಾತ್ರ ನಡೀತಾನೇ ಇರಬೇಕು. ಗೋಡೆಯ ಒಳಗೊಂದು ಹೊರಗೊಂದು ದಿಂಬಿನ ಸಾಲು, ನಡುವಿನ ಟೊಳ್ಳಿನಲ್ಲಿ ಉಕ್ಕು. ಕ್ಲೋರಿನ್ ಬೆರೆತ ಹಸಿಗಾಳಿ ಉಕ್ಕನ್ನ ತಿಂದುಹಾಕುತ್ತೆ, ಈಜುಕೊಳ ನೋಡಿಕೊಳ್ಳೋರನ್ನ ಕೇಳಿ. ಇಲ್ಲಿ ಅದು ಉಕ್ಕಿನ ತನಕ ಹೋಗೋದೇ ಇಲ್ಲ. ಚಳಿಗಾಲದಲ್ಲಿ ಅದೇ ಟೊಳ್ಳು ಬಿಸಿಲಿನ ಕಾವನ್ನ ಹಿಡಿದಿಡುತ್ತೆ. 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇದೇ ಕಟ್ಟಡದಲ್ಲಿ ಮಂಜುಗಡ್ಡೆ ಹಾಸಿ ಕರ್ಲಿಂಗ್ ಅನ್ನೋ, ಕಲ್ಲು ಜಾರಿಸೋ ಆಟ ಆಡಿಸಿದರು.

ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು, ‘ಸಾರ್, ಇಂಥದ್ದು ಮಂಡ್ಯದಲ್ಲಿ ಕಟ್ಟೋಕಾಗುತ್ತಾ?’ ಹೊದಿಕೆ ಸಮೇತ ಬೇಡ ಕಣಪ್ಪಾ. ಬೀಜಿಂಗಿನ ಜನವರಿಯಲ್ಲಿ ನೀರು ಹೆಪ್ಪುಗಟ್ಟುತ್ತೆ, ನಮ್ಮ ಏಪ್ರಿಲ್‌ನಲ್ಲಿ ಆ ದಿಂಬು ಹೊದ್ದರೆ ಒಳಗಿರೋರು ಬೆಂದುಹೋಗ್ತಾರೆ. ನಮಗೆ ಬೇಕಿರೋದು ಮೇಲೆ ನೆರಳು, ಸುತ್ತ ಗಾಳಿ. ಆದರೆ ಆ ಉಕ್ಕಿನ ಹಂದರವಷ್ಟನ್ನೇ ತಗೊಂಡು ತೆರೆದ ಕೊಳದ ಮೇಲೆ ಚಾವಣಿ ಮಾಡಿದರೆ? ಎಷ್ಟು ಟನ್ ಬೇಕು, ಒಂದೊಂದು ಸಂದನ್ನೂ ನಮ್ಮ ವೆಲ್ಡರ್‌ಗಳು ಹೇಗೆ ಬೆಸೆಯಬೇಕು? ಮುಂದಿನ ಬೆಂಚಿನವರು ಬೋರ್ಡ್ ಹತ್ರ ಬನ್ನಿ, 25 ಮೀಟರ್ ಕೊಳ ಅಂತ ಇಟ್ಟುಕೊಂಡು ಶುರು ಮಾಡೋಣ.