ಅಮೆರಿಕದ ಹನ್ನೊಂದನೇ ಕ್ಲಾಸಿನ ಹಿಸ್ಟರಿ: ಅದರಲ್ಲಿ ನಿಮ್ಮ ಮನೆಯ ಕಥೆಯೂ ಇದೆ

[ಪರದೆಯ ಮೇಲೆ ಎರಡು ಇಸವಿ: 1922, 1923]

ನಮಸ್ಕಾರ. ಮೊದಲು ಎರಡು ಕೇಸು ಹೇಳುತ್ತೇನೆ. ಆಮೇಲೆ ಕ್ಲಾಸಿನ ವಿಷಯಕ್ಕೆ ಬರೋಣ.

ಆ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಬಂದವರಿಗೆ ಪೌರತ್ವ ಬೇಕೆಂದರೆ ಅವರು ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. ಟಕಾವೊ ಒಜಾವಾ ಜಪಾನಿನವರು. ಅಮೆರಿಕದಲ್ಲೇ ಓದಿ, ಅಲ್ಲೇ ಸಂಸಾರ ಕಟ್ಟಿದವರು. ಅವರ ಅರ್ಜಿ 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಬಿಳಿಯ ಎಂದರೆ ಕಕೇಶಿಯನ್ (ಆಗಿನ ವಿದ್ವಾಂಸರು ಯುರೋಪಿನವರನ್ನು ಸೇರಿಸಿದ್ದ ಜನಾಂಗ), ನೀವು ಅಲ್ಲ ಎಂದಿತು ಕೋರ್ಟು.

ಮೂರು ತಿಂಗಳ ನಂತರ ಭಗತ್ ಸಿಂಗ್ ಥಿಂಡ್ ಅವರ ಸರದಿ. ಪಂಜಾಬಿನವರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ನಾನು ಮೇಲ್ಜಾತಿಯ ಆರ್ಯ, ವಿದ್ವಾಂಸರ ಪ್ರಕಾರ ಕಕೇಶಿಯನ್, ಹಾಗಾಗಿ ಪೌರತ್ವ ಕೊಡಿ ಎಂಬುದು ಅವರ ವಾದ. ಕೋರ್ಟು ಮಾತು ಬದಲಿಸಿತು. ವಿದ್ವಾಂಸರು ಹೇಳುವುದು ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯ ಎನ್ನುತ್ತಾರೋ ಅವನೇ ಬಿಳಿಯ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು.

ಥಿಂಡ್ ಅವರಿಗೆ ಅನ್ಯಾಯವಾಯಿತು, ನಿಜ. ಆದರೆ ಅವರ ವಾದದಲ್ಲಿ ಜಾತಿ ಇತ್ತು ಎನ್ನುವುದನ್ನೂ ಮಕ್ಕಳಿಂದ ಮುಚ್ಚಿಡಬಾರದು. ಗೋಡೆಯನ್ನೇ ಕೆಡವಿ ಎಂದು ಅವರು ಕೇಳಲಿಲ್ಲ. ನನ್ನನ್ನು ಈಚೆ ಕಡೆ ಸೇರಿಸಿಕೊಳ್ಳಿ ಎಂದರು.

[ಪರದೆಯ ಮೇಲೆ: ತರಗತಿಯ ಮೇಜು, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದ ಹಾಳೆಗಳು]

ಈ ತೀರ್ಪುಗಳಂಥ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುವುದೇ ಅಮೆರಿಕದ ಹೈಸ್ಕೂಲಿನ ಹಿಸ್ಟರಿ ಕ್ಲಾಸಿನ ಜೀವ. ಅಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ಬೇಗ ಒಗ್ಗುವುದಿಲ್ಲ. ನಾವು ಎಸ್ಸೆಸ್ಸೆಲ್ಸಿಯಲ್ಲಿ ಓದಿದ ರೀತಿಯೇ ಬೇರೆ ಅಲ್ವಾ? ಕಾರಣಗಳು ಐದು, ಪರಿಣಾಮಗಳು ಐದು, ಗೈಡ್ ನೋಡಿ ಬಾಯಿಪಾಠ.

ಇಡೀ ಅಮೆರಿಕಕ್ಕೆ ಒಂದೇ ಪಠ್ಯಕ್ರಮ ಇಲ್ಲ. ರಾಜ್ಯ ರಾಜ್ಯಕ್ಕೂ ಬೇರೆ. ಟೆಕ್ಸಾಸ್‌ನ ಹೈಸ್ಕೂಲಿನಲ್ಲಿ 1877ರಿಂದ ಈಚಿನ ಚರಿತ್ರೆ. ಕ್ಯಾಲಿಫೋರ್ನಿಯಾದ ಹನ್ನೊಂದನೇ ಕ್ಲಾಸಿನಲ್ಲಿ ಹೆಚ್ಚಾಗಿ ಇಪ್ಪತ್ತನೇ ಶತಮಾನ. ಇನ್ನೂ ಕಷ್ಟದ್ದು ಬೇಕೆನ್ನುವವರಿಗೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜು ಮಟ್ಟದ) ಕೋರ್ಸು, ಅದು 1491ರಿಂದಲೇ ಶುರುವಾಗುತ್ತದೆ. ಅದರ ಪರೀಕ್ಷೆಯಲ್ಲಿ ಡಿಬಿಕ್ಯೂ, ಅಂದರೆ ದಾಖಲೆ ಆಧಾರಿತ ಪ್ರಶ್ನೆ ಇದೆ. 7 ದಾಖಲೆ ಕೊಡುತ್ತಾರೆ, 1 ಗಂಟೆ ಸಮಯ. ಭಾಷಣ, ಪತ್ರ, ವ್ಯಂಗ್ಯಚಿತ್ರ ಏನು ಬೇಕಾದರೂ ಬರಬಹುದು. ಅವನ್ನು ಓದಿ ಮಗು ತನ್ನದೇ ವಾದ ಕಟ್ಟಬೇಕು. ಒಟ್ಟು ಅಂಕದ ಕಾಲು ಭಾಗ ಇದೊಂದಕ್ಕೇ.

ಇಸವಿ ನೆನಪಿದ್ದರೆ ಸಾಲದು. ಯಾರು ಬರೆದದ್ದು, ಯಾರಿಗೆ ಬರೆದದ್ದು, ಆಗ ಏನು ನಡೆದಿತ್ತು, ಯಾಕೆ ಬರೆದರು? ಈ ನಾಲ್ಕನ್ನೂ ಕೇಳಿಕೊಳ್ಳಬೇಕು.

[ಪರದೆಯ ಮೇಲೆ: ಲಿಬರ್ಟಿ ಪ್ರತಿಮೆ]

ಈಗ ನಿಮ್ಮ ಮನೆಯ ಕಥೆ. ಭಾರತೀಯರು ಬರುವ ಬಾಗಿಲನ್ನು ಅಮೆರಿಕ 1917ರಲ್ಲಿ ಮುಚ್ಚಿತು. 1946ರಲ್ಲಿ ಸಣ್ಣ ಕಿಂಡಿ ತೆರೆಯಿತು. ಪೌರತ್ವದ ಹಕ್ಕು ಸಿಕ್ಕಿತು, ಆದರೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಒಂದು ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ನೂಕಿ ತುಂಬಿಸುವಷ್ಟು ಜನ.

ಆ ಕಿಂಡಿ ಬಾಗಿಲಾದದ್ದು ಸುಮ್ನೆ ಅಲ್ಲ. 1955ರ ಡಿಸೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಡಲಿಲ್ಲ. ಅಲ್ಲಿನ ಕರಿಯ ಜನ 381 ದಿನ ಬಸ್ ಹತ್ತಲಿಲ್ಲ. ನಡೆದೋ, ಕಾರು ಹಂಚಿಕೊಂಡೋ ಕೆಲಸಕ್ಕೆ ಹೋದರು. ಹೀಗೆ ಬೆಳೆದ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಆಗಸ್ಟ್‌ನಲ್ಲಿ ಮತದಾನದ ಕಾಯ್ದೆ ಬಂತು. ದೇಶದೊಳಗೆ ಬಣ್ಣ ನೋಡುವುದು ತಪ್ಪಾದರೆ, ಹೊರಗಿಂದ ಬರುವವರ ಹುಟ್ಟಿದ ದೇಶ ನೋಡಿ ಕೋಟಾ ಹಾಕುವುದು ಹೇಗೆ ಸರಿ? ಈ ಪ್ರಶ್ನೆಗೆ ಬಲ ಬಂದದ್ದು ಆಗ. ಅದೇ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು, ಆ ಹುಟ್ಟಿದ ದೇಶದ ಕೋಟಾ ತೆಗೆದುಹಾಕುವ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು.

ಆ ದಿನ ಅವರು ಹೇಳಿದ್ದು: ಇದು ಕ್ರಾಂತಿಕಾರಿ ಕಾಯ್ದೆಯಲ್ಲ, ಲಕ್ಷಾಂತರ ಜನರ ಬದುಕನ್ನು ಇದು ಮುಟ್ಟುವುದಿಲ್ಲ. ಆಮೇಲೆ ಬಂದ ವೈದ್ಯರು, ಎಂಜಿನಿಯರುಗಳು, ಅವರ ಹಿಂದೆ ಬಂದ ಅಣ್ಣತಮ್ಮಂದಿರು, ಅಪ್ಪ ಅಮ್ಮಂದಿರು, ಊರೂರಲ್ಲಿ ಎದ್ದ ಕನ್ನಡ ಕೂಟಗಳು ಎಲ್ಲವೂ ಆ ಮಾತಿಗೆ ಎದುರು ನಿಂತಿವೆ. ಜಾನ್ಸನ್‌ಗೆ ಅಂದಾಜು ತಪ್ಪಿತೇ? ಅಥವಾ ವಿರೋಧಿಗಳನ್ನು ಸಮಾಧಾನ ಮಾಡಲು ಹಾಗೆ ಹೇಳಿದರೇ? ಡಿಬಿಕ್ಯೂಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯುವುದಿಲ್ಲ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಮೊದಲು ಅಮೆರಿಕಕ್ಕೆ ಬಂದವರ ಹಳೇ ಪಾಸ್‌ಪೋರ್ಟು, ಊರಿಂದ ಬಂದ ಏರೋಗ್ರಾಂ ಪತ್ರ, ಏನಿದ್ದರೂ ಪೆಟ್ಟಿಗೆಯಿಂದ ತೆಗೆಯಿರಿ. ಊಟದ ಟೇಬಲ್ ಮೇಲೆ ಹರಡಿ. ನಿಮ್ಮ ಮಗಳೋ ಮಗನೋ ಪಕ್ಕದಲ್ಲಿ ಕೂತು ಆ ನಾಲ್ಕು ಪ್ರಶ್ನೆ ಕೇಳಲಿ. ಕನ್ನಡದ ಕಾಗದವನ್ನು ಓದಿ ಹೇಳುವವರು ನೀವು.